ಏರಿಯ ಮೇಲಿನ ಸಂಚಾರ: ಶ್ರೀರಂಗಪಟ್ಟಣ ಸೀಮೆಯ ಜಲಾಶಯಗಳ ಚರಿತ್ರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಕೆರೆ, ಕಟ್ಟೆ, ಅಣೆಕಟ್ಟುಗಳನ್ನು ನೋಡುವುದಕ್ಕೆಂದು ರಜಾದಿನಗಳಲ್ಲಿ ಪಟ್ಟಣವಾಸಿಗಳು ಹೋಗುವ ಪದ್ಧತಿ ಈಚೆಗೆ ವಿಶೇಷವಾಗಿ ಬೆಳೆದಿದೆ. ಏರಿಯ ಮೇಲೆ ನಡೆದಾಡುವುದು, ನೀರುಹಕ್ಕಿಗಳನ್ನು ದುರ್ಬೀನಿನಿಂದ ನೋಡುವುದು, ಅವುಗಳ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು, ಇವು ವಿದ್ಯಾವಂತರಾದ ಅನೇಕರಿಗೆ ಈಗ ಪ್ರಿಯವಾದ ಹವ್ಯಾಸಗಳಾಗಿವೆ. ಹೀಗೆ ಹೋಗುವವರು ತಾವು ಪ್ರಕೃತಿದರ್ಶನಕ್ಕೆ ಹೋಗುತ್ತಿರುವುದಾಗಿ ಭಾವಿಸುವರು. ಈ ಭಾವನೆಯನ್ನು ಚರಿತ್ರೆಯ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸಬೇಕೆಂಬುದು ನಮ್ಮ ಉದ್ದೇಶ. ಏಕೆಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮನುಷ್ಯನ ಕೈಯಿಲ್ಲದೆ ತಾನಾಗಿಯೇ ನಿಂತ ನೀರು ಅತ್ಯಲ್ಪ. ಸಂಚಾರಿಗಳು ಇಲ್ಲಿ ಕಾಣುವ ನಿಂತ ನೀರು ಬಹುಮಟ್ಟಿಗೆ ಯಾರೋ ಒಬ್ಬರು ಕಟ್ಟಿಸಿದುದು, ಮತ್ತೊಬ್ಬರು ದುರಸ್ತಿ ಮಾಡಿಸಿದುದು, ಕೆಲವೆಡೆ ಮಗುದೊಬ್ಬರು ಒಡೆಯಿಸಿದುದು. ಹಕ್ಕಿಗಳು ಬಂದುದು ಆಮೇಲೆ.

ಭೂಸ್ಥಿತಿಯನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಕಾವೇರಿ ನದಿಯು ಶ್ರೀರಂಗಪಟ್ಟಣವನ್ನು ದ್ವೀಪವನ್ನಾಗಿ ಮಾಡಿ ಹರಿಯುತ್ತದೆ. ಹೇಮಾವತಿಯು ಕೃಷ್ಣರಾಜಪೇಟೆ ತಾಲ್ಲೂಕನ್ನು ಹಾದು ಬಂದು ಅದನ್ನು ಸೇರುತ್ತದೆ. ಲೋಕಪಾವನಿಯು ಕರಿಘಟ್ಟದ ಬಳಿ ಅದರಲ್ಲಿ ಲೀನವಾಗುತ್ತದೆ. ನದಿಗಳ ಇಕ್ಕೆಲಗಳಲ್ಲಿ ಅಣೆಕಟ್ಟು ಮತ್ತು ನಾಲೆಗಳು ಪ್ರಧಾನ. ನದಿಯಿಂದ ದೂರ ಸರಿದು ಉತ್ತರಕ್ಕೆ ನಾಗಮಂಗಲದ ಕಡೆಗೆ ಹೋದಂತೆಲ್ಲ ನೆಲ ಏರಿಳಿತವುಳ್ಳದ್ದಾಗಿ, ಮಳೆಯನ್ನೇ ನಂಬಿದ ಕೆರೆಗಳು ಒಂದರ ಕೆಳಗೊಂದು ಸರಪಣಿಯಂತೆ ಕಾಣಿಸಿಕೊಳ್ಳುತ್ತವೆ. ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನ ಕೆರೆಗೆ ನೀರು. ಈ ಎರಡು ಬಗೆಯ ನೀರಿಗೆ ಎರಡು ಬಗೆಯ ಚರಿತ್ರೆ ಇದೆ. ಹಕ್ಕಿಗಳ ಮಟ್ಟಿಗೂ ಇವೆರಡೂ ಒಂದೇ ಅಲ್ಲ.

ನಮ್ಮ ಆಧಾರಗಳಲ್ಲಿ ಮುಖ್ಯವಾದುವು ಶಾಸನಗಳು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಪರಿಷ್ಕೃತ ಆವೃತ್ತಿಯಲ್ಲಿ ಆರನೆಯ ಸಂಪುಟವು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಗೂ ಏಳನೆಯ ಸಂಪುಟವು ನಾಗಮಂಗಲವೇ ಮೊದಲಾದ ತಾಲ್ಲೂಕುಗಳಿಗೂ ಮೀಸಲಾಗಿದೆ. ಈ ಸಂಪುಟಗಳನ್ನು ತಿರುವಿದವರಿಗೆ ಕೆರೆಯ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕರ್ನಾಟಕದ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ಪಾರಿಭಾಷಿಕ ಶಬ್ದಗಳು ಕೆರೆಯನ್ನು ಕಟ್ಟಿದವರಿಗೆ, ಕಾಪಾಡಿದವರಿಗೆ ದೊರೆಯುತ್ತಿದ್ದ ಭೂಮಿ ಅಥವಾ ಆದಾಯದ ಪಾಲನ್ನು ಸೂಚಿಸುತ್ತವೆ. ಹೂಳೆತ್ತುವ ಬಂಡಿಗಳ ನಿರ್ವಹಣೆಗೆಂದೇ ಬಿಟ್ಟ ದತ್ತಿಗಳೂ ಉಂಟು. ಕೆರೆಯನ್ನು ಕಟ್ಟಿಸುವುದು ಒಮ್ಮೆಯ ಪುಣ್ಯ, ಹೂಳೆತ್ತುವುದು ನಿತ್ಯದ ಖರ್ಚು ಎಂಬ ವಿವೇಕವು ಆ ಕಾಲದವರಿಗೆ ಇದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

ಶಾಸನಕಾರನು ಕೆರೆಯ ಸೊಬಗನ್ನು ಕುರಿತು ಹೆಚ್ಚಾಗಿ ಮಾತನಾಡುವುದಿಲ್ಲ. ಅವನ ಆಸಕ್ತಿಯೆಲ್ಲ ತೂಬಿನ ಕೆಳಗಿನ ಗದ್ದೆಯ ಎಲ್ಲೆ, ದಾನದ ಪ್ರಮಾಣ, ಅಳುಪಿದವನಿಗೆ ಬರುವ ಪಾಪ, ಇವುಗಳಲ್ಲಿ. ಸೊಬಗನ್ನು ಕಂಡವನು ಕವಿ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರಕ್ಕೂ ಜಲಕ್ರೀಡೆಗೂ ಸ್ಥಾನವಿದ್ದುದರಿಂದ ತಾವರೆಗೊಳ, ಹಂಸೆ, ಚಕ್ರವಾಕಗಳು ಹಳಗನ್ನಡ ಕಾವ್ಯಗಳಲ್ಲಿ ಹೇರಳವಾಗಿವೆ. ಆದರೆ ಈ ಕಾವ್ಯದ ಕೊಳದಲ್ಲಿ ಹೂಳು ತುಂಬುವುದಿಲ್ಲ, ಏರಿ ಬಿರಿಯುವುದಿಲ್ಲ, ನೀರಗಂಟಿಯೂ ಇರುವುದಿಲ್ಲ! ಇಂದಿನ ಸಂಚಾರಿಯು ಕವಿಯ ಕಣ್ಣನ್ನು ಪಡೆದು ಶಾಸನಕಾರನ ಕೆರೆಯನ್ನು ನೋಡುತ್ತಿರುವನೆಂದು ನಮಗೆ ತೋರುತ್ತದೆ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಸ್ಥಳ. ಹೊಯ್ಸಳರ ಕಾಲದಲ್ಲಿ ಯಾದವಪುರವೆಂದು ಪ್ರಸಿದ್ಧವಾಗಿದ್ದು, ವಿಷ್ಣುವರ್ಧನನಿಗೂ ರಾಮಾನುಜಾಚಾರ್ಯರಿಗೂ ಸಂಬಂಧಿಸಿದ ಐತಿಹ್ಯಗಳಿಂದ ಕೂಡಿರುವ ಈ ಊರಿನಲ್ಲಿ ೧೨ನೆಯ ಶತಮಾನದ ದೇವಾಲಯಗಳಿವೆ. ೧೪ನೆಯ ಶತಮಾನದ್ದೆನ್ನಲಾದ ಸಾಲಾರ್ ಮಸೂದನ ಗೋರಿಯೂ ಇದೆ. ಎರಡು ಬಂಡೆಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿಯನ್ನು ಹಾಕಿ ಇಲ್ಲಿಯ ಕೆರೆಯನ್ನು ನಿರ್ಮಿಸಲಾಗಿದೆ. ರಾಮಾನುಜರು ಇದಕ್ಕೆ ತಿರುಮಲಸಾಗರವೆಂದು ಹೆಸರಿಟ್ಟರೆಂಬುದು ಸಂಪ್ರದಾಯ. ೧೭೪೬ರಲ್ಲಿ ಹೈದರಾಬಾದಿನ ನಿಜಾಮನ ಮಗನಾದ ನಾಸಿರ್ ಜಂಗನು ಮೈಸೂರಿನಿಂದ ಕಪ್ಪವನ್ನು ವಸೂಲು ಮಾಡುವುದಕ್ಕೆ ಸೈನ್ಯಸಮೇತನಾಗಿ ಬಂದಾಗ ಈ ಕೆರೆಯನ್ನು ಕಂಡು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನು. ಆ ಹೆಸರೇ ಇಂದಿಗೂ ಬಳಕೆಯಲ್ಲಿದೆ. ಕಪ್ಪಕ್ಕೆಂದು ಬಂದ ಸೇನಾಪತಿಯು ನೀರಿನ ತಿಳಿಯನ್ನು ನೋಡಿ ನಿಂತು ಅದಕ್ಕೊಂದು ಹೆಸರನ್ನು ಕೊಟ್ಟು ಹೋದನೆಂಬುದು ಸಣ್ಣ ಸಂಗತಿಯಾದರೂ ನಾವು ಅದನ್ನು ಅಲಕ್ಷಿಸಲಾರೆವು. ಈ ಸೀಮೆಯ ಕೆರೆಯೊಂದನ್ನು ಕೇವಲ ಅದರ ಅಂದಕ್ಕಾಗಿ ಒಬ್ಬ ಪರಸ್ಥಳದವನು ಮೆಚ್ಚಿದುದಕ್ಕೆ ಇಸವಿಯು ಹೀಗೆ ನಿಖರವಾಗಿ ಉಳಿದು ಬಂದಿರುವುದು ವಿರಳ.

ಆದರೆ ಆ ಅಂದವು ಯುದ್ಧದ ಲೆಕ್ಕಾಚಾರದಿಂದ ಎಂದೂ ಹೊರತಾಗಿರಲಿಲ್ಲ. ೧೭೭೧ರಲ್ಲಿ ಹೈದರ್ ಅಲಿಯು ತ್ರಿಂಬಕರಾವ್ ಪೇಠೆಯ ನೇತೃತ್ವದ ಮರಾಠಾ ಸೈನ್ಯದಿಂದ ಚಿನಕುರಳಿಯ ಸಮೀಪದಲ್ಲಿ ದಾರುಣವಾಗಿ ಸೋತುದನ್ನು ಮರಾಠಿ ಇತಿಹಾಸಕಾರರು ಮೋತಿ ತಲಾಬಿನ ಕದನವೆಂದೇ ಕರೆಯುವರು. ಮುಂದೆ ಟಿಪ್ಪುವು ಶತ್ರುಗಳಿಗೆ ನೀರು ಒದಗಬಾರದೆಂದು ಏರಿಯನ್ನು ಕಡಿಸಿದನೆಂದು ಗೆಜೆಟಿಯರಿನಲ್ಲಿ ಉಕ್ತವಾಗಿದೆ. ಈ ಕಾರ್ಯವನ್ನು ಬ್ರಿಟಿಷ್ ಲೇಖಕರು ಅವನ ಸ್ವಭಾವದೋಷಕ್ಕೆ ಆರೋಪಿಸುವುದುಂಟು. ಮುತ್ತಿಗೆಯ ಕಾಲದಲ್ಲಿ ರಾಜಧಾನಿಯಿಂದ ಒಂದು ದಿನದ ನಡಿಗೆಗೂ ಕಡಿಮೆ ದೂರದಲ್ಲಿ ಇಷ್ಟು ದೊಡ್ಡ ಜಲರಾಶಿಯನ್ನು ಶತ್ರುವಿಗೆ ಬಿಟ್ಟುಕೊಡದಿರುವುದು ಯುದ್ಧನೀತಿಗೆ ಅನುಗುಣವಾದುದೇ ಎಂದು ನಾವು ಭಾವಿಸುತ್ತೇವೆ. ಅಚ್ಚುಕಟ್ಟಿನ ರೈತನಿಗೆ ಮಾತ್ರ ಈ ಎರಡು ವ್ಯಾಖ್ಯಾನಗಳಿಂದಲೂ ಸಮಾಧಾನವಾಗಿರಲಾರದು.

೧೮೦೦ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕನ್ನಡ ಮತ್ತು ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ತೊಣ್ಣೂರಿಗೂ ಬಂದನು. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಇವನ ಪ್ರವಾಸಕಥನ ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕೆರೆಯ ಹೆಚ್ಚುವರಿ ನೀರು ಹೊರಹೋಗಲು ಒಂದು ಗುಡ್ಡವನ್ನೇ ಬಹು ಶ್ರಮದಿಂದ ಕಡಿದು ಕಾಲುವೆ ಮಾಡಿರುವುದನ್ನೂ, ಕೆರೆ ತುಂಬಿದರೆ ಎರಡು ವರ್ಷಗಳ ಬೇಸಾಯಕ್ಕೆ ಸಾಕಾಗುವಷ್ಟು ನೀರು ನಿಲ್ಲುವುದೆಂಬುದನ್ನೂ ಅವನು ಬರೆದುಕೊಂಡಿದ್ದಾನೆ. ಮಳೆ ಸಾಲದೆ ನೀರು ತೂಬಿನ ಮಟ್ಟಕ್ಕಿಂತ ಕೆಳಗೇ ಉಳಿಯುವ ವರ್ಷಗಳೂ ಉಂಟೆಂಬುದನ್ನು ಅವನು ಮರೆತಿಲ್ಲ. ಒಡೆದಿದ್ದ ಏರಿಯು ದಿವಾನ್ ಪೂರ್ಣಯ್ಯನವರ ಆಡಳಿತ ಕಾಲದಲ್ಲಿ ದುರಸ್ತಿಯಾಯಿತು. ಇಂದು ತೊಣ್ಣೂರಿನ ಏರಿಯ ಮೇಲೆ ನಿಂತು ನೀಲಿ ನೀರನ್ನೂ ಆಚೆಯ ಬಂಡೆಗಳನ್ನೂ ನೋಡುವ ಸಂಚಾರಿಯು, ತಾನು ನಿಂತಿರುವ ನೆಲವು ಒಮ್ಮೆ ಕಡಿದುಹೋಗಿ ಮತ್ತೆ ಕೂಡಿಸಲ್ಪಟ್ಟುದೆಂಬುದನ್ನು ತಿಳಿದರೆ ನೋಟದ ರುಚಿ ಹೆಚ್ಚುವುದೇ ಹೊರತು ಕಡಿಮೆಯಾಗದು. ಹಕ್ಕಿಗಳನ್ನು ಮಾತ್ರ ಬಯಸುವವರಿಗೆ ಒಂದು ಎಚ್ಚರಿಕೆ: ಆಳವಾದ, ಬಂಡೆದಡದ ಇಂತಹ ಕೆರೆಯಲ್ಲಿ ನೀರುಕಾಗೆಗಳೂ ಮಿಂಚುಳ್ಳಿಗಳೂ ದೊರೆಯುವುವು, ಕೆಸರಿನಲ್ಲಿ ನಡೆದು ಮೇಯುವ ಹಕ್ಕಿಗಳಿಗೆ ಇಲ್ಲಿ ಕಾಲೂರಲು ಸ್ಥಳವೇ ಕಡಿಮೆ.

ಇನ್ನು ರಂಗನತಿಟ್ಟು. ಶ್ರೀರಂಗಪಟ್ಟಣಕ್ಕೆ ಪಶ್ಚಿಮದಲ್ಲಿ ಕಾವೇರಿಯ ನಡುವೆ ಇರುವ ಈ ನಡುಗಡ್ಡೆಗಳನ್ನು ನದಿಯೇ ಮಾಡಿದ ದ್ವೀಪಗಳೆಂದು ನೋಡುವವರು ನಂಬುವುದು ಸಹಜ. ವಾಸ್ತವವಾಗಿ ಕಂಠೀರವ ನರಸರಾಜ ಒಡೆಯರ (೧೬೩೮-೧೬೫೯) ಕಾಲದಲ್ಲಿ, ೧೬೪೫ರಿಂದ ೧೬೪೮ರವರೆಗೆ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿಸಿದಾಗ ನೀರು ಹಿಂದಕ್ಕೆ ನಿಂತು, ಎತ್ತರದ ನೆಲವಷ್ಟೇ ತಿಟ್ಟುಗಳಾಗಿ ಉಳಿದುವು. ಅದೇ ಅರಸರ ಹೆಸರಿನೊಡನೆ ಸೇರಿರುವ ಬಂಗಾರದೊಡ್ಡಿ ನಾಲೆಯು ನದಿಯ ಕವಲನ್ನು ಮೇಲುಗಾಲುವೆಯ ಮೂಲಕ ದಾಟಿ ರಾಜಧಾನಿಗೆ ನೀರನ್ನು ಒಯ್ದಿತು. ಕೋಟೆಯೊಳಗಿನ ಜನಕ್ಕೆ ನೀರು, ದ್ವೀಪದ ಗದ್ದೆತೋಟಗಳಿಗೆ ನೀರು, ಇದೇ ಆ ಕಾಲದ ಪ್ರಯೋಜನದೃಷ್ಟಿ. ನಡುಗಡ್ಡೆಯ ಮೇಲೆ ತೊರೆಮತ್ತಿ, ಬಿದಿರು, ಕೇದಗೆ ಬೆಳೆದುದೂ, ಸುತ್ತಲೂ ನೀರಿದ್ದುದರಿಂದ ಬೆಕ್ಕು ನರಿಗಳು ಬರಲಾರದ ಆ ಮರಗಳಲ್ಲಿ ಹಕ್ಕಿಗಳು ಗೂಡುಕಟ್ಟಲು ಸಾಧ್ಯವಾದುದೂ ಯಾರ ಉದ್ದೇಶದಲ್ಲಿಯೂ ಇರಲಿಲ್ಲ.

ಈ ಉದ್ದೇಶಿಸದ ಫಲವನ್ನು ಶಾಸ್ತ್ರೀಯವಾಗಿ ಗುರುತಿಸಿದ ಕೀರ್ತಿ ಸಲೀಂ ಅಲಿಯವರದು. ಮೈಸೂರು ಸಂಸ್ಥಾನದ ಪಕ್ಷಿಗಳ ಸರ್ವೇಕ್ಷಣೆಯನ್ನು ಅವರು ೧೯೩೯-೪೦ರಲ್ಲಿ ನಡೆಸಿದರು; ಅದರ ವರದಿಯು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ೧೯೪೨-೪೩ರಲ್ಲಿ ಪ್ರಕಟವಾಯಿತು. ಅವರ ಪ್ರೇರಣೆಯಿಂದ ಮೈಸೂರು ಅರಸರ ಸರ್ಕಾರವು ೧೯೪೦ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಕೆಂಬರಲು, ಹಾವಕ್ಕಿ, ಹೆಜ್ಜಾರ್ಲೆಗಳು ಇಲ್ಲಿ ಮರಿಮಾಡುತ್ತವೆ. ಬಂಡೆಗಳ ಮೇಲೆ ರೀವಗಳು ಮೊಟ್ಟೆಯಿಡುತ್ತವೆ. ಮೊಸಳೆ, ನೀರುನಾಯಿ, ತೊಗಲುಬಾವಲಿಗಳೂ ಇಲ್ಲಿಯ ನಿವಾಸಿಗಳೇ. ೨೦೨೨ರಲ್ಲಿ ಇದು ರಾಮ್ಸಾರ್ ಒಪ್ಪಂದದ ಅಂತಾರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲನೆಯ ಸ್ಥಳ ಇದೇ.

ಇಲ್ಲಿ ನಾವು ಒಂದು ಊಹೆಯನ್ನು ವಿದ್ವಾಂಸರ ಮುಂದಿಡುತ್ತೇವೆ. ಗೂಡಿಗೆ ನಡುಗಡ್ಡೆ ಸಾಕು. ಮರಿಗಳ ಹೊಟ್ಟೆಗೆ ಸಾಲದು. ಬಾಯ್ಕಳಕಕ್ಕೆ ಬೇಕಾದ ಬಸವನಹುಳು, ಕೊಕ್ಕರೆಗೆ ಬೇಕಾದ ಮೀನುಮರಿ, ಬೆಳ್ಳಕ್ಕಿಗೆ ಬೇಕಾದ ಕಪ್ಪೆ, ಇವು ದೊರೆಯುವುದು ಸುತ್ತಣ ಗದ್ದೆ, ನಾಲೆ, ಕೆರೆಗಳಲ್ಲಿ. ೧೭ನೆಯ ಶತಮಾನದ ನಾಲೆಗಳಿಂದ ಮೊದಲ್ಗೊಂಡು ೧೯೩೦ರ ದಶಕದಲ್ಲಿ ನೀರು ಹರಿಯತೊಡಗಿದ ವಿಶ್ವೇಶ್ವರಯ್ಯ ನಾಲೆಯವರೆಗೆ ಈ ಸೀಮೆಯ ಬತ್ತದ ಗದ್ದೆಯು ಕ್ರಮೇಣ ವಿಸ್ತಾರವಾಯಿತು. ಸಲೀಂ ಅಲಿಯವರು ೧೯೪೦ರ ಸುಮಾರಿನಲ್ಲಿ ಕಂಡ ಪಕ್ಷಿಸಂಕುಲವು ಅನಾದಿಕಾಲದ ಸ್ಥಿತಿಯೆಂದು ಭಾವಿಸದೆ, ಮುನ್ನೂರು ವರ್ಷಗಳ ನೀರಾವರಿಯಿಂದ ಪೋಷಿತವಾದುದೆಂದು ತಿಳಿಯುವುದು ಹೆಚ್ಚು ಯುಕ್ತವೆಂದು ನಮ್ಮ ಮತ. ಹಾಗಿದ್ದಲ್ಲಿ, ಧಾಮದ ಎಲ್ಲೆಯೊಳಗಿನ ರಕ್ಷಣೆ ಎಷ್ಟೇ ಬಿಗಿಯಾಗಿದ್ದರೂ, ಹೊರಗಿನ ಗದ್ದೆಗಳಿಗೆ ವಿಷಮದ್ದು ಬಿದ್ದರೆ ಅಥವಾ ಅವು ನಿವೇಶನಗಳಾದರೆ ಹಕ್ಕಿಗಳ ಅಳಿವು ಅಲ್ಲಿಂದಲೇ ಪ್ರಾರಂಭವಾಗುವುದು.

ಮೇಲ್ಗಡೆಯ ಕೃಷ್ಣರಾಜಸಾಗರವೂ ಈ ನಡುಗಡ್ಡೆಗಳ ಅದೃಷ್ಟವನ್ನು ನಿರ್ಣಯಿಸುತ್ತದೆ. ೨೦೧೮ ಮತ್ತು ೨೦೧೯ರ ಮಳೆಗಾಲಗಳಲ್ಲಿ ಅಣೆಕಟ್ಟಿನಿಂದ ಬಿಟ್ಟ ಪ್ರವಾಹವು ತಿಟ್ಟುಗಳ ಅಂಚುಗಳನ್ನು ಕೊಚ್ಚಿತು. ಅನಂತರ ಮರಳುಚೀಲಗಳನ್ನು ಒಡ್ಡಿ ಅವನ್ನು ಭದ್ರಪಡಿಸಬೇಕಾಯಿತು. ಕಂಠೀರವ ನರಸರಾಜರ ಕಟ್ಟೆಯಿಂದ ಹುಟ್ಟಿದ ದ್ವೀಪವನ್ನು ೨೧ನೆಯ ಶತಮಾನದಲ್ಲಿ ಮತ್ತೆ ಮನುಷ್ಯನೇ ಕಟ್ಟಿ ನಿಲ್ಲಿಸಬೇಕಾಗಿ ಬಂದುದು ನಮ್ಮ ವಾದಕ್ಕೆ ಪೋಷಕವಾಗಿದೆ.

ಕೃಷ್ಣರಾಜಸಾಗರದ ವಿಷಯವು ಬಹುವಾಗಿ ಬರೆಯಲ್ಪಟ್ಟಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ೧೯೦೨ರಿಂದ ಶಿವನಸಮುದ್ರದಲ್ಲಿ ವಿದ್ಯುತ್ತು ಉತ್ಪನ್ನವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದುದೂ, ಬೇಸಗೆಯಲ್ಲಿ ನದಿ ಕೃಶವಾದಾಗ ಅದಕ್ಕೆ ಅಡಚಣೆಯಾಗುತ್ತಿದ್ದುದೂ ಈ ಯೋಜನೆಗೆ ಒಂದು ಮುಖ್ಯ ಕಾರಣ. ವಿಶ್ವೇಶ್ವರಯ್ಯನವರು ಚೀಫ್ ಇಂಜಿನಿಯರಾಗಿದ್ದಾಗ ೧೯೧೧ರಲ್ಲಿ ಪ್ರಾರಂಭವಾದ ಕೆಲಸವು ೧೯೩೨ರಲ್ಲಿ ಮುಗಿಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಬಳಸಿ ಕಟ್ಟಿದ ಇದರ ಉದ್ದ ಸುಮಾರು ೮೬೦೦ ಅಡಿ. ಸಂಗ್ರಹಶಕ್ತಿ ಸುಮಾರು ೪೯೪೫ ಕೋಟಿ ಘನ ಅಡಿ. ನೀರಿನ ಹರವು ಸುಮಾರು ೫೦ ಚದರ ಮೈಲಿ. ಪ್ರವಾಸಿಗಳು ಅಣೆಕಟ್ಟಿನ ಕೆಳಗಿನ ಬೃಂದಾವನವನ್ನು ನೋಡಿ ಹಿಂದಿರುಗುವುದು ವಾಡಿಕೆ. ನಡಿಗೆಗೂ ಪಕ್ಷಿವೀಕ್ಷಣೆಗೂ ಹೋಗುವವರು ಮಾತ್ರ ಅದರ ಹಿನ್ನೀರನ್ನು ಹುಡುಕಿಕೊಂಡು ಪಾಂಡವಪುರ, ಕೃಷ್ಣರಾಜಪೇಟೆಗಳ ಕಡೆಗೆ ಹೋಗುತ್ತಾರೆ. ನೀರು ಇಳಿದಾಗ ತೆರೆದುಕೊಳ್ಳುವ ಹಸಿ ಮಣ್ಣಿನ ಬಯಲಿನಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಇಳಿಯುತ್ತವೆ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಅವುಗಳಲ್ಲಿ ಒಂದು.

ಅದೇ ಬಯಲಿನ ಕೆಳಗೆ ಹಳೆಯ ಕನ್ನಂಬಾಡಿ ಇದ್ದಿತು. ಊರು, ಹೊಲ, ಮನೆಗಳೊಡನೆ ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಬರಗಾಲದ ವರ್ಷಗಳಲ್ಲಿ ಅದರ ಕಂಬಗಳು ತಲೆಯೆತ್ತುತ್ತಿದ್ದುವು; ಈ ಶತಮಾನದ ಆದಿಯಲ್ಲಿ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ದೇವಾಲಯವನ್ನು ಮತ್ತೆ ಎತ್ತಿ ಕಟ್ಟಲಾಯಿತು. ದೇವಾಲಯಕ್ಕೆ ದೊರೆತ ಈ ಭಾಗ್ಯವು ಹಿನ್ನೀರಿನಡಿಯ ಹೊಲಗಳಿಗೆ ದೊರೆಯುವಂತಿರಲಿಲ್ಲ. ಹಿನ್ನೀರಿನ ದಡದ ನಿಶ್ಶಬ್ದವನ್ನು ಮೆಚ್ಚಿ ಬರೆಯುವವರು, ಆ ನಿಶ್ಶಬ್ದವು ಒಂದು ಜನವಸತಿಯು ಎದ್ದುಹೋದುದರಿಂದ ಉಂಟಾದುದೆಂಬುದನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕಲ್ಲವೆ?

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ಮೇಲೆ ಹೇಮಗಿರಿ, ಮಂದಗೆರೆಗಳ ಹಳೆಯ ಅಣೆಕಟ್ಟುಗಳಿವೆ. ಕಿಕ್ಕೇರಿಯ ಕೆರೆಯ ಸಮೀಪದಲ್ಲಿ ೧೧೭೧ರಲ್ಲಿ, ಒಂದನೆಯ ನರಸಿಂಹನ ಆಳಿಕೆಯಲ್ಲಿ, ಬಮ್ಮವೆ ನಾಯಕಿತಿ ಎಂಬ ಸ್ತ್ರೀಯು ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯವಿದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು ೧೩ನೆಯ ಶತಮಾನದ್ದು. ಕೆರೆ, ಅಗ್ರಹಾರ, ದೇವಾಲಯ ಈ ಮೂರೂ ಒಟ್ಟಿಗೆ ಹುಟ್ಟುತ್ತಿದ್ದ ಕಾಲಕ್ಕೆ ಇವು ಸಾಕ್ಷಿ. ದೇವಾಲಯವನ್ನು ನೋಡಲು ಬರುವವನು ಕೆರೆಗೆ ಬೆನ್ನು ಮಾಡಿ ನಿಲ್ಲುವನು, ಹಕ್ಕಿಯನ್ನು ನೋಡಲು ಬರುವವನು ದೇವಾಲಯಕ್ಕೆ. ಕಟ್ಟಿಸಿದವರಿಗೆ ಇವು ಒಂದೇ ಧರ್ಮಕಾರ್ಯದ ಎರಡು ಮುಖಗಳಾಗಿದ್ದುವು. ಪ್ರಾಸಂಗಿಕವಾಗಿ, ಮೇಲುಕೋಟೆಯ ಸುತ್ತಣ ಕುರುಚಲು ಕಾಡನ್ನು ೧೯೭೪ರಲ್ಲಿ ವನ್ಯಜೀವಿಧಾಮವನ್ನಾಗಿ ಮಾಡಿದುದನ್ನೂ, ಅಲ್ಲಿಯ ತೋಳಗಳನ್ನೂ ನೆನೆಯಬಹುದು.

ನಾಗಮಂಗಲದ ಸಾಧಾರಣ ಕೆರೆಗಳಿಗೆ ಬಂದಾಗ ವಿಷಯವು ಚರಿತ್ರೆಯಿಂದ ವರ್ತಮಾನದ ವಿವಾದಕ್ಕೆ ತಿರುಗುತ್ತದೆ. ಈ ಕೆರೆಗಳು ಸಣ್ಣವು, ಆಳವಿಲ್ಲದವು, ಮಳೆ ತಪ್ಪಿದರೆ ಒಣಗುವವು. ಹೇಮಾವತಿಯ ಗೊರೂರು ಜಲಾಶಯದ ನಾಲೆಯ ನೀರು ಕೆಲವು ಕೆರೆಗಳಿಗೆ ಬಂದಿದೆ. ಹಿಂದಿನ ಕಾಲದಲ್ಲಿ ಒಣಗುವುದೂ ಕೆರೆಯ ಧರ್ಮವೇ ಆಗಿತ್ತು. ಬೇಸಗೆಯಲ್ಲಿ ಕೆರೆಯಂಗಳ ದನಕರುಗಳಿಗೆ ಹುಲ್ಲುಗಾವಲು. ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವರು. ಹೀಗೆ ಹೂಳು ತಾನಾಗಿಯೇ ಕಡಿಮೆಯಾಗುತ್ತಿತ್ತು. ನೀರನ್ನು ಸರದಿಯ ಮೇಲೆ ಬಿಡುವ ಹೊಣೆ ನೀರಗಂಟಿಯದು. ೧೯ನೆಯ ಶತಮಾನದ ಉತ್ತರಾರ್ಧದಿಂದ ಕೆರೆಗಳ ದುರಸ್ತಿ ಸರ್ಕಾರದ ಇಲಾಖೆಗೆ ಸೇರುತ್ತ ಬಂದು, ಕಟ್ಟುಕೊಡಗೆಯಂತಹ ಹಳೆಯ ವ್ಯವಸ್ಥೆಗಳು ಸಡಿಲವಾದುವು. ಊರಿನವರಿಗೆ ಕೆರೆಯು ತಮ್ಮದೆಂಬ ಭಾವ ಕುಂದಿದುದಕ್ಕೆ ಇದು ಒಂದು ಕಾರಣ, ಕೊಳವೆಬಾವಿಯು ಮತ್ತೊಂದು.

ಈಗ ಕೆರೆಯ 'ಅಭಿವೃದ್ಧಿ'ಯೆಂದರೆ ಯಂತ್ರದಿಂದ ಅಂಗಳವನ್ನು ಬಟ್ಟಲಿನಂತೆ ಸಮನಾಗಿ ಅಗೆದು, ದಡವನ್ನು ಕಡಿದಾಗಿ ಕಲ್ಲಿನಿಂದ ಕಟ್ಟಿ, ಸುತ್ತಲೂ ನಡೆದಾಡುವವರಿಗೆ ಹಾದಿಯನ್ನು ಮಾಡಿ, ದೀಪಗಳನ್ನು ನಿಲ್ಲಿಸುವುದೆಂದು ಅನೇಕರು ತಿಳಿದಿದ್ದಾರೆ. ನಡಿಗೆಯವರಿಗೆ ಇದು ಅನುಕೂಲವೇ. ಆದರೆ ಉಳ್ಳಂಕಿಗೂ ಚಮಚಕೊಕ್ಕಿಗೂ ಬೇಕಾದುದು ಮೊಣಕಾಲು ಮುಳುಗದ ತೆಳುನೀರು, ದೇವನಕ್ಕಿಗೆ ತೇಲುವ ಎಲೆ, ಗುಳುಮುಳುಕಕ್ಕೆ ಜೊಂಡು. ದನಕ್ಕೆ ಬೇಕಾದುದು ಇಳಿಜಾರು ದಡ. ಕಲ್ಲುಕಟ್ಟಿದ ದಡದಲ್ಲಿ ಈ ಯಾವುದೂ ಉಳಿಯದು. ಹೂಳೆತ್ತಲೇಬಾರದೆಂದು ನಾವು ವಾದಿಸುವುದಿಲ್ಲ. ಹೂಳೆತ್ತದ ಕೆರೆಗೆ ಆಯುಸ್ಸಿಲ್ಲವೆಂಬುದನ್ನು ಶಾಸನಗಳೇ ಸಾರುತ್ತವೆ. ತೂಬಿನ ಬಳಿ ಆಳಕ್ಕೆ, ಹಿನ್ನೀರಿನ ಕಡೆಗೆ ತೆಳುವಾಗಿ ತೆಗೆಯುವ ಹಳೆಯ ಕ್ರಮವು ರೈತನಿಗೂ ಹಕ್ಕಿಗೂ ಒಪ್ಪುವಂತಹುದು. ನಡಿಗೆಯ ಹಾದಿಗೆ ಏರಿಯೇ ಸಾಕು. ಅದು ಎಂಟುನೂರು ವರ್ಷಗಳಿಂದಲೂ ಹಾದಿಯೇ ಆಗಿದೆ.

ದುರಸ್ತಿಯ ಸಡಗರದಲ್ಲಿ ಮತ್ತೊಂದು ನಷ್ಟದ ಭಯವೂ ಇದೆ. ಹಳೆಯ ತೂಬಿನ ಕಲ್ಲುಕಂಬ, ಕೋಡಿಯ ಬಳಿಯ ಶಾಸನ, ಏರಿಯ ಮೇಲಿನ ವೀರಗಲ್ಲು, ಮಾಸ್ತಿಕಲ್ಲುಗಳು ಹೊಸ ಕಟ್ಟಡದಡಿ ಸೇರಿಹೋಗುವುದು ಅಸಂಭವವಲ್ಲ. ಮುದ್ರಿತ ಸಂಪುಟಗಳಲ್ಲಿ ಶಾಸನದ ಪಾಠ ಉಳಿದಿದ್ದರೂ, ಅದು ಯಾವ ತೂಬಿಗೆ ಎದುರಾಗಿ, ನೀರಿನಿಂದ ಎಷ್ಟು ಎತ್ತರದಲ್ಲಿ ನಿಂತಿತ್ತೆಂಬುದು ಕಲ್ಲು ಕದಲಿದ ಮೇಲೆ ತಿಳಿಯುವಂತಿಲ್ಲ. ರಜಾದಿನಗಳಲ್ಲಿ ಕೆರೆಗೆ ಹೋಗುವ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಹಕ್ಕಿಗಳ ಹೆಸರನ್ನು ಬರೆದುಕೊಳ್ಳುವ ಪುಸ್ತಕದಲ್ಲಿಯೇ ಒಂದು ಪುಟವನ್ನು ಇದಕ್ಕೂ ಮೀಸಲಿಡಬಹುದು: ತೂಬುಗಳೆಷ್ಟು, ಊರಿನವರು ಅವಕ್ಕೆ ಕೊಟ್ಟಿರುವ ಹೆಸರೇನು, ಕೋಡಿಯ ನೀರು ಯಾವ ಕೆರೆಗೆ ಹೋಗುತ್ತದೆ, ನೀರಗಂಟಿಯ ಮನೆತನದವರು ಊರಿನಲ್ಲಿರುವರೆ, ಕಲ್ಲುಗಳು ಎಲ್ಲಿವೆ. ಹೀಗೆ ಪಟ್ಟಿಮಾಡುವ ಕಾರ್ಯವನ್ನು ನಾಗಮಂಗಲದಿಂದ ಪ್ರಾರಂಭಿಸುವುದು ಯುಕ್ತ. ತೊಣ್ಣೂರು, ರಂಗನತಿಟ್ಟುಗಳನ್ನು ಕುರಿತು ಬರೆದವರು ಬಹು ಮಂದಿ. ನಾಗಮಂಗಲದ ಸಣ್ಣ ಕೆರೆಗಳ ತೂಬಿನ ಹೆಸರುಗಳಾದರೋ ಈಗ ಆ ಊರುಗಳ ವೃದ್ಧರ ನೆನಪಿನಲ್ಲಿ ಮಾತ್ರ ಉಳಿದಿವೆ.